ಕಿರುಬೆರಳ ಮೇಲಿನ ರೈಲು

ನಮ್ಮೂರಿನಲ್ಲಿ ಪ್ರೇಕ್ಷಕರು ನಂಬುವಷ್ಟು ಹೊತ್ತು ಮಾತ್ರ ಪರದೆಯ ಪವಾಡ ನಿಲ್ಲುತ್ತದೆ. ಒಬ್ಬನು ಸಂದೇಹಿಸಿದರೂ ನಾಯಕ ನಿಜವಾಗಿಯೇ ಬಿದ್ದು ಸಾಯುತ್ತಾನೆ. ಆ ಮ್ಯಾಟಿನಿಯಲ್ಲಿ ವಜ್ರಭುಜನೆಂಬ ನಾಯಕ ಕಿರುಬೆರಳಿನಿಂದ ರೈಲೊಂದನ್ನು ಎತ್ತಿಕೊಂಡು ಆಕಾಶಕ್ಕೆ ಹಾರಿದ್ದ. ನಡುದಾರಿಯಲ್ಲಿ ಬೆರಳು ಬಾಗಿತು, ರೈಲು ವಾಲಿತು.

"ಯಾರ್ರೀ ಅದು, ನಂಬದೇ ಕೂತಿರೋರು?" ಮ್ಯಾನೇಜರರ ಟಾರ್ಚು ನನ್ನ ಮುಖದ ಮೇಲೆ ನಿಂತಿತು. "ಹೋದ್ವಾರ ತಾನೆ ಇಬ್ರು ಹೀರೋಗಳು ಹೋದ್ರು. ನಂಬಿ ಸಾರ್!"

"ಪ್ರಯತ್ನ ಪಡ್ತಿದೀನಿ."

"ಕವಿತೆ ಓದಿ ಓದಿ ಹೀಗಾಗಿದಾರೆ," ಎಂದು ಹೆಂಡತಿ ಅಂಬುಜಾಕ್ಷಿ ನನ್ನ ಪರವಾಗಿ ಕ್ಷಮೆ ಕೇಳಿದಳು.

ಐವತ್ತು ವರ್ಷ ಸಂದೇಹವನ್ನೇ ಶ್ರದ್ಧೆಯಿಂದ ಅಭ್ಯಾಸ ಮಾಡಿದವನಿಗೆ ಕಿರುಬೆರಳನ್ನು ನಂಬಲಾಗಲಿಲ್ಲ. ಆದರೆ ಬೋಗಿಯೊಂದರ ಬಾಗಿಲಲ್ಲಿ ಮುದುಕಿಯೊಬ್ಬಳು ಕಡಲೆಕಾಯಿ ಸುಲಿಯುತ್ತ, ಸಿಪ್ಪೆಯನ್ನು ಮಡಿಲಿಗೇ ಹಾಕಿಕೊಳ್ಳುತ್ತಿದ್ದಳು. ಅವಳನ್ನು ನಂಬಿದೆ. ಅವಳು ಕುಳಿತ ಬಾಗಿಲನ್ನು, ಬೋಗಿಯನ್ನು, ಕಡೆಗೆ ಇಡೀ ರೈಲನ್ನು ನಂಬಿದೆ.

ರೈಲು ಬೆರಳಿನ ಹಂಗಿಲ್ಲದೆ ತಾನೇ ಮೇಲೇರಿತು. ವಜ್ರಭುಜ ಮಾತ್ರ ಕೆಳಕ್ಕೆ ಜಾರತೊಡಗಿದ.

"ನನ್ನೂ ನಂಬ್ರೀ ಸ್ವಾಮೀ!" ಎಂದು ಪರದೆಯಿಂದ ನನ್ನತ್ತ ಕೂಗಿದ.

ಮುದುಕಿ ಬಗ್ಗಿ, ಅವನ ಬೆನ್ನ ಮೇಲಿನ ಕೆಂಪು ಶಲ್ಯ ಹಿಡಿದು ಎಳೆದುಕೊಂಡಳು. ಪಕ್ಕಕ್ಕೆ ಸರಿದು, "ಕೂತ್ಕೋ ಮಗಾ, ಸುಸ್ತಾಗಿರ್ಬೇಕು," ಎಂದಳು.

ಅವನು ಏದುಸಿರು ಬಿಡುತ್ತ ಕುಳಿತ. ಆ ಸುಸ್ತನ್ನು ನಾನು ಒಡನೆಯೇ ನಂಬಿದೆ.