ತಿರುಪತಿಗೆ ಹೋಗುವ ಯಂತ್ರ

ತಗಡಿನ ಅಂಚಿನಿಂದ ಒಳಕ್ಕೆ ಎರಡಂಗುಲ ಇರಬೇಕಾಗಿದ್ದ ಸೀಳು ಕಾಣಲಿಲ್ಲ. ಜಾನಕಿಬಾಯಿ ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು. ಅಂಗೈಯಗಲದ ತಾಮ್ರ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಹೊಳೆಯುತ್ತಿತ್ತು. ನಡುವೆ ಒಂದು ಕುಂಕುಮದ ಬೊಟ್ಟು.

“ಮೂಕಪ್ಪ, ಇದರಾಗ ನಾ ಬರದುಕೊಟ್ಟ ಸೀಳು ಎಲ್ಲಿ?”

“ಕೊಯ್ದಿದ್ದೆರಿ ಅಮ್ಮಾರ. ಆಮ್ಯಾಲೆ ಬೆಸಿಗಿ ಹಾಕಿ ಮುಚ್ಚೀನಿ,” ಎಂದ ಆದವಾನಿಯ ಆ ಮುದಿ ತಾಮ್ರದ ಕೆಲಸಗಾರ, ಸಮಾಧಾನದಿಂದ. “ಯಂತ್ರಕ್ಕ ಅಂದ್ರಿ. ತಿರುಪತಿಗೆ ಒಯ್ಯೋದು ಅಂದ್ರಿ. ಸ್ವಾಮಿ ಮುಂದ ಒಡಕು ಯಂತ್ರ ಇಡತಾರೇನ್ರಿ? ಆಚಾರ್ರ ಮನಿಯವರು, ಅವಸರದಾಗ ತಪ್ಪು ಬರದೀರಿ ಅನಕೊಂಡೆ.”

ಜಾನಕಿಬಾಯಿ ಅಲ್ಲೇ ಮಣೆಯ ಮೇಲೆ ಕುಳಿತಳು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಲೇ ಎರಡು ವರ್ಷ ಲೆಕ್ಕ ಹಾಕಿ ಗೀಚಿದ ನಕ್ಷೆ ಅದು. ತಿರುಪತಿಯ ಪ್ರಯೋಗಾಲಯದಲ್ಲಿ ಅಳೆಯುವ ಉಪಕರಣ ನಾಳೆ ಒಂದು ದಿನ ಮಾತ್ರ ಅವಳದು. ತಪ್ಪಿದರೆ ಮತ್ತೆ ಸಿಗಲು ಯುಗಾದಿ ಕಳೆಯಬೇಕು. ರೈಲಿಗೆ ಇನ್ನು ಎರಡೇ ತಾಸು.

“ಪೂಜಿ ಯಂತ್ರ ಅಲ್ರಿ ಇದು. ಏರಿಯಲ್. ತಂತಿ ಇಲ್ದನ ಮಾತಾಡೋ ಯಂತ್ರಕ್ಕ. ಎಷ್ಟು ಸರ್ತಿ ಹೇಳಬೇಕು?”

“ಒಂದು ಸರ್ತಿನೂ ಹೇಳಿಲ್ರಿ,” ಎಂದಳು ಒಳಗಿನಿಂದ ಅವನ ಹೆಂಡತಿ ಪಕೀರಮ್ಮ. “ಯಂತ್ರ ಅಂದ್ರಿ, ಅಷ್ಟ.”

ಅದು ನಿಜವಾಗಿತ್ತು. ಅದಕ್ಕೇ ಜಾನಕಿಬಾಯಿಗೆ ಇನ್ನಷ್ಟು ಸಿಟ್ಟು ಬಂತು.

“ಏರಿಯಲ್ ಅಂದ್ರ ಮಾಳಿಗಿ ಮ್ಯಾಲಿನ ಕೋಲಲ್ಲೇನ್ರಿ?” ಎಂದ ಮೂಕಪ್ಪ.

“ಆ ಕೋಲು ಅಂಗೈಯಾಗ ಹಿಡಿಸಬೇಕು. ಅದಕ್ಕ ಈ ಸೀಳು. ಕರೆಂಟು ಇದನ್ನ ಸುತ್ತಿ ಹೋಗತದ. ದಾರಿ ಉದ್ದಾದಷ್ಟೂ ಸಣ್ಣ ತಗಡು ದೊಡ್ಡದರ ಕೆಲಸ ಮಾಡ್ತದ, ಒಂದರ ಬದಲು ಹತ್ತು ಸ್ಟೇಷನ್ ಹಿಡೀತದ. ಸೀಳಿಲ್ಲಂದ್ರ ಬರೇ ತಗಡು. ಕೊಯ್ರಿ ಲಗೂನ.”

ಮೂಕಪ್ಪ ತಗಡನ್ನು ಮುಟ್ಟಲಿಲ್ಲ. “ಕುಂಕುಮ ಇಟ್ಟಾಗೇತ್ರಿ. ನನ್ನ ಕೈಲೆ ಆಗಂಗಿಲ್ಲ.”

“ಹಂಗಾರ ಕೊಡ್ರಿ ಆ ಗರಗಸ.”

ಎರಡನೆಯ ಎಳೆತಕ್ಕೇ ಗರಗಸ ಜಾರಿ ತಾಮ್ರದ ಮೇಲೆ ಗೀರು ಬಿತ್ತು. ಮೂಕಪ್ಪ ಕಣ್ಣು ಮುಚ್ಚಿಕೊಂಡ. ಪಕೀರಮ್ಮ ಹೊರಗೆ ಬಂದವಳೇ ತಗಡನ್ನು ಕಿತ್ತುಕೊಂಡು, ಅದರ ಮೇಲಿನ ಕುಂಕುಮವನ್ನು ಬೆರಳಲ್ಲಿ ಒರೆಸಿ ತನ್ನ ಹಣೆಗೆ ಇಟ್ಟುಕೊಂಡಳು. ಸೆರಗಿನಿಂದ ಉಳಿದದ್ದನ್ನು ಉಜ್ಜಿ ಗಂಡನ ಮುಂದಿಟ್ಟಳು.

“ಹಾಂ, ಕೊಯಿ ಈಗ. ರೈಲು ನಿನ್ನ ಸಲುವಾಗಿ ನಿಲ್ಲಂಗಿಲ್ಲ.”

ಅವನು ಕೊಯ್ದ. ಜಾನಕಿಬಾಯಿ ಅಳತೆಪಟ್ಟಿ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅವಳು ಎಳೆದ ಗೀರನ್ನೂ ಯಾರೂ ಹೇಳದೆಯೇ ಅವನು ಉಜ್ಜಿ ತೆಗೆದಿದ್ದ.

ಪೇಪರಿನಲ್ಲಿ ಸುತ್ತಿ ಕೊಡುವಾಗ ಮೂಕಪ್ಪ ಬೀದಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದ.

“ಅಮ್ಮಾರ, ಇದು ಮಾತು ಹಿಡೀಲಿಲ್ಲಂದ್ರ ನನ್ನ ಹೆಸರು ಹೇಳಬ್ಯಾಡ್ರಿ.”

“ಹಿಡೀತಂದ್ರ?”

“ಆಗಂತೂ ಬ್ಯಾಡವೇ ಬ್ಯಾಡ. ಮೂಕಪ್ಪನ ತಾಮ್ರದಾಗ ಒಡಕೈತಿ ಅನ್ನೋದು ಆಚಿ ಊರು ಗೋನೆಗಂಡ್ಲದ ತನಕ ಕೇಳಸತೈತಿ.”