ಎರಡೆರಡ್ಲೆ ನಾಲ್ಕು

“ಎರಡೆರಡ್ಲೆ ನಾಲ್ಕು. ಮಲ್ಲಟದಾಗೂ ಅಷ್ಟ, ರಾಯಚೂರಾಗೂ ಅಷ್ಟ. ಖರೇ ಅನ್ನೂದು ಒಬ್ಬೊಬ್ಬರಿಗೆ ಒಂದೊಂದು ಇರಂಗಿಲ್ರೀ, ಮಾವ.”

ಹೆಂಡತಿಯ ಟ್ರಂಕನ್ನು ಮಲ್ಲಟದಲ್ಲಿ ಮಾವನ ಮನೆಯ ಕಟ್ಟೆಯ ಮೇಲಿಟ್ಟು ಅಂಬರೀಶ ಈ ಮಾತು ಆಡಿದ. ರಾಯಚೂರಿನ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕ. ದನಿಯಲ್ಲಿ ಸಿಟ್ಟಿರಲಿಲ್ಲ, ನೆಮ್ಮದಿಯಿತ್ತು. ಇಂಥವರ ನೆಮ್ಮದಿಗೇ ಹೆದರಬೇಕು.

ಮಗಳು ವಿಶಾಖಾಗೆ ಡೆಂಗಿ ಬಂದಾಗ ರಕ್ತ ಪರೀಕ್ಷೆ ಮಾಡಿಸಿದ್ದೇ ನೆಪವಾಯಿತು. ಮಗಳ ಗುಂಪು ಓ. ಅಂಬರೀಶನದು ಎ, ಹೆಂಡತಿ ಉಮಾದೇವಿಯದು ಎಬಿ. ಪುಸ್ತಕ ತೆಗೆದು ನೋಡಿದ. ಈ ಎರಡು ಗುಂಪುಗಳು ಕೂಡಿದರೆ ಓ ಗುಂಪಿನ ಮಗು ಹುಟ್ಟುವುದಿಲ್ಲ. ಬೇರೆ ಲ್ಯಾಬಿನಲ್ಲಿ ಮೂವರದೂ ಮತ್ತೆ ಮಾಡಿಸಿದ. ಗುಂಪು ಬದಲಾಗಲಿಲ್ಲ. ಅಂದಮೇಲೆ ತಂದೆ ಬೇರೆ. ಪ್ರಮೇಯದ ಕೊನೆಗೆ ಬರೆಯುವ ಹಾಗೆ, ಇದನ್ನೇ ಸಾಧಿಸಬೇಕಾಗಿತ್ತು.

“ದವಾಖಾನ್ಯಾಗ ಕೂಸು ಅದಲುಬದಲು ಆಗಿರಬೇಕ್ರೀ,” ಎಂದ ಮಾವ ಪಕೀರಪ್ಪ, ಕೈ ಮುಗಿಯುತ್ತ.

“ಎಲ್ಲಿ ದವಾಖಾನಿ? ಮಾನ್ವಿ ದಾರ್ಯಾಗ, ಆಟೋದಾಗ ಹುಟ್ಟಿದ ಕೂಸು. ನನ್ನ ಕೈಯಾಗ ಬಿತ್ತು. ತಾಯಿ ಯಾರಂತ ನನಗ ಅನುಮಾನ ಇಲ್ರೀ.”

ಬಾಗಿಲಲ್ಲಿ ನಿಂತಿದ್ದ ಉಮಾದೇವಿ, “ನಿಮ್ಮ ಪುಸ್ತಕದಾಗ ಏನರ ಇರ್ಲಿ. ನನ್ನ ಖರೇ ನನಗ ಗೊತ್ತದ,” ಎಂದಳು.

“ನನ್ನ ಖರೇ, ನಿನ್ನ ಖರೇ ಅಂತ ಎರಡಿಲ್ಲ, ಉಮಾ.”

ವಿಶಾಖಾ ಅಪ್ಪನ ಅಂಗಿ ಹಿಡಿದುಕೊಂಡಳು. ಅವನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಸ್ಸು ಹತ್ತಿದ.

ಊರಿನ ಬಾಯಿ ಸುಮ್ಮನಿರಲಿಲ್ಲ. ವಾರ ಕಳೆಯುವುದರೊಳಗೆ ಉಮಾದೇವಿಯ ಹೆಣ ಕಾಲುವೆಯಲ್ಲಿ ಸಿಕ್ಕಿತು. ಅಂಬರೀಶ ಮಣ್ಣಿಗೂ ಹೋಗಲಿಲ್ಲ. ಅವಳು ತಪ್ಪು ಒಪ್ಪಿಕೊಂಡಂತಾಯಿತು ಎಂದುಕೊಂಡು ತರಗತಿಗೆ ಹೋದ.

ಮುಂದಿನ ತಿಂಗಳು ಮೌನೇಶ್ವರಿ ಎಂಬ ವಿದ್ಯಾರ್ಥಿನಿ ಪಾಠದ ನಡುವೆ ಎದ್ದು ನಿಂತಳು. “ಸರ್, ಗಣಿತದಾಗರ ಖರೇ ಅನ್ನೂದು ಪೂರಾ ಖರೇ ಏನ್ರೀ?”

“ಪೂರಾ.” ಅವನಿಗೆ ಹುರುಪು ಬಂತು. ಹೆಸರು ಹೇಳದೆ, ಬೋರ್ಡಿನ ಮೇಲೆ ಅದೇ ರಕ್ತದ ಗುಂಪುಗಳ ಕೋಷ್ಟಕ ಬರೆದ. “ತಾಯಿ ಎಬಿ, ತಂದಿ ಎ. ಕೂಸು ಓ ಬರತದೇನು?”

“ಬರಂಗಿಲ್ರೀ, ಸರ್.”

“ಅಂದ್ರ ತಂದಿ ಬ್ಯಾರೆ. ಅಂವಂದು ಯಾವ ಗುಂಪು? ಹುಡುಕೋಣ.”

ತಾಯಿಯ ಎಬಿ ಹಾಗೇ ಬಿಟ್ಟು, ತಂದೆಯ ಜಾಗದಲ್ಲಿ ಬಿ ಬರೆದ. ಓ ಬರಲಿಲ್ಲ. ಎಬಿ ಬರೆದ. ಬರಲಿಲ್ಲ. ಉಳಿದದ್ದು ಓ ಒಂದೇ. ಅದನ್ನೂ ಬರೆದ. ಆಗಲೂ ಬರಲಿಲ್ಲ.

ಹುಡುಗರು ಕಾಯುತ್ತಿದ್ದರು. ಅವನು ತಾಯಿಯ ಎಬಿ ಮೇಲೆ ಬೆರಳಿಟ್ಟ.

ಆ ಕೋಷ್ಟಕದ ಪ್ರಕಾರ ಉಮಾದೇವಿ ಲೋಕದ ಯಾವ ಗಂಡಸಿನಿಂದಲೂ ವಿಶಾಖಾಳನ್ನು ಹೆತ್ತಿರಲು ಸಾಧ್ಯವೇ ಇರಲಿಲ್ಲ. ಆದರೆ ಅವಳು ಹೆತ್ತಾಗ ಆ ಕೂಸನ್ನು ಎತ್ತಿಕೊಂಡದ್ದು ಈಗ ಸೀಮೆಸುಣ್ಣ ಹಿಡಿದಿದ್ದ ಇದೇ ಕೈ.