ಕ್ಯಾಮೆರಾಕ್ಕೊಂದು ಕುಲಾವಿ

ಟಪ್ ಎಂದು ದಾರ ಕಡಿದ ಸದ್ದು. ಊರು ಮಲಗಿದ್ದ ಹೊತ್ತಿನಲ್ಲಿ ಅಷ್ಟು ಸಣ್ಣ ಸದ್ದೇ ಕುಮಾರಿಯನ್ನು ಎಬ್ಬಿಸಿತು. ನಡುಮನೆಗೆ ಬಂದು ನೋಡಿದರೆ, ಮಗಳು ನಂಜಮಣಿ ಕಂಪ್ಯೂಟರಿನ ಮುಂದೆ ಕೂತು, ಅದರ ಪುಟ್ಟ ಕ್ಯಾಮೆರಾಕ್ಕೆ ಹೊಲಿದಿದ್ದ ಬಟ್ಟೆಯ ಕುಲಾವಿಯನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು.

"ಏನಮ್ಮಿ ಇದು? ನಿಮ್ಮಪ್ಪಂಗೆ ಗೊತ್ತಾದ್ರೆ?"

"ಅಪ್ಪ ನೈಟ್ ಹಾಲ್ಟು, ಚಾಮರಾಜನಗರದಲ್ಲವ್ರೆ. ಇವತ್ತು ಬಾಯಿ ಪರೀಕ್ಷೆ ಕಣವ್ವ. ಮುಖ ಕಾಣ್ದಿದ್ರೆ ಪ್ರಶ್ನೆನೇ ಕೇಳಲ್ವಂತೆ. ನನ್ ಬದ್ಲು ಬೇರೆ ಯಾರಾದ್ರೂ ಉತ್ತರ ಹೇಳ್ಬುಟ್ರೆ ಅಂತ."

ಆ ಕುಲಾವಿಯನ್ನು ಹೊಲಿದವಳು ಕುಮಾರಿಯೇ, ಹೊಲಿಸಿದವನು ಗಂಡ ದೊರೆಸ್ವಾಮಿ. ಅವನು ಬಸ್ ಕಂಡಕ್ಟರ್. ಯಾವುದೋ ಹುಡುಗಿಯ ಫೋಟೋವನ್ನು ಕಂಪ್ಯೂಟರಿನಿಂದ ಕದ್ದು ಮೊಬೈಲುಗಳಿಗೆ ಹಂಚಿದರಂತೆ ಎಂಬ ಮಾತು ಬಸ್ಸಿನಲ್ಲಿ ಅವನ ಕಿವಿಗೆ ಬಿದ್ದಿತ್ತು. ಮೈಸೂರಿನವರು ಇಂಟರ್‌ನೆಟ್ಟಿನಲ್ಲಿ ನಡೆಸುವ ಬೇಸಿಗೆಯ ವಿಜ್ಞಾನ ಪಾಠಕ್ಕೆ ಮಗಳನ್ನು ಸೇರಿಸಿದಾಗಲೇ ಅವನು ಹೇಳಿದ್ದ: "ಪಾಠ ಕೇಳು, ಬ್ಯಾಡ ಅನ್ನಲ್ಲ. ಮುಖ ತೋರ್ಸಿದ್ ದಿನ ಕಂಪ್ಯೂಟ್ರೂ ಇಲ್ಲ, ಸ್ಕೂಲೂ ಇಲ್ಲ." ಅವನು ಆಡಿದ ಮಾತನ್ನು ಬಿಟ್ಟುಕೊಡುವವನಲ್ಲ. ಹೀಗೆ ಒಂಬತ್ತನೇ ತರಗತಿ ಮುಗಿಸಿದ ನಂಜಮಣಿ, ಉಳಿದ ಮಕ್ಕಳ ಮುಖಗಳ ನಡುವೆ ಒಂದು ಕಪ್ಪು ಚೌಕವಾಗಿ ಬೇಸಿಗೆಯನ್ನೆಲ್ಲ ಕಳೆದಿದ್ದಳು. ಈ ಪರೀಕ್ಷೆಯಲ್ಲಿ ಗೆದ್ದರೆ ಮೈಸೂರಿನ ಹಾಸ್ಟೆಲಿನಲ್ಲಿದ್ದು ಹತ್ತನೇ ತರಗತಿ, ಮುಂದೆ ಪಿಯುಸಿ ಸೈನ್ಸು. ಸೀಟು ಸಿಕ್ಕರೆ ಕಳಿಸುತ್ತೇನೆಂದು ದೊರೆಸ್ವಾಮಿಯೂ ಒಪ್ಪಿದ್ದ. ಸಂಜೆಯೆಲ್ಲ ಗುಂಡ್ಲುಪೇಟೆಯಲ್ಲಿ ಕರೆಂಟ್ ಇರಲಿಲ್ಲ. ಅದಕ್ಕೇ ಇವಳಿಗೆ ರಾತ್ರಿಯ ಕೊನೆಯ ಸರದಿ.

"ಬೇಗ ಮುಗುಸು," ಎಂದಳು ಕುಮಾರಿ. ತಾನು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು. ಪರದೆಯ ಮೇಲೆ ಕನ್ನಡಕದ ಗಂಡಸಿನ ಮುಖವೊಂದು ತಡೆತಡೆದು ಅಲುಗಾಡಿತು.

"ಕೊನೆಗೂ ನಿನ್ನ ಮುಖ ನೋಡಿದ ಹಾಗಾಯ್ತು. ಸರಿ, ಬಸ್ಸಿಗೆ ತಟ್ಟನೆ ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ಮುಗ್ಗರಿಸೋದು ಯಾಕೆ?"

"ಜಡತ್ವ ಸಾರ್. ಬಸ್ಸಿನ ಜೊತೆ ಕಾಲು ನಿಂತ್ರೂ ಮೈ ಮುಂದಕ್ಕೆ ಹೋಗ್ತಾನೇ ಇರುತ್ತೆ. ನಮ್ಮಪ್ಪ ಕಂಡಕ್ಟರ್ ಸಾರ್. ಅದಕ್ಕೇ ಅವರು ಕಂಬಕ್ಕೆ ಬೆನ್ನು ಕೊಟ್ಟೇ ಟಿಕೆಟ್ ಹರಿಯೋದು."

ಆತ ಜೋರಾಗಿ ನಕ್ಕ. ನಂಜಮಣಿಯೂ ನಕ್ಕಳು. ಮಗಳು ಹೀಗೆ ತಲೆಯೆತ್ತಿ ನಕ್ಕಿದ್ದನ್ನು ಕುಮಾರಿ ಈಚೆಗೆ ಕಂಡಿರಲಿಲ್ಲ. "ಚೆನ್ನಾಗಿ ಹೇಳ್ತಿದ್ದೀಯ. ಇನ್ನು ಎರಡೇ ಪ್ರಶ್ನೆ," ಎಂದ ಆತ.

ಹೊರಗೆ ಗೇಟಿನ ಅಗುಳಿ ಸರಿಯಿತು. ಕೆಮ್ಮು ದೊರೆಸ್ವಾಮಿಯದೇ. ಕುಮಾರಿ ಪರದೆಯ ಕಡೆ ತಿರುಗಿದಳು. ಸರಿರಾತ್ರಿ, ಬಿಚ್ಚಿದ ಕ್ಯಾಮೆರಾ, ಮಗಳ ಎದುರು ನಗುವ ಗಂಡಸು. ಇದೊಂದು ಪರೀಕ್ಷೆ ಹೋದರೆ ಹೋಗಲಿ, ಸ್ಕೂಲಾದರೂ ಉಳಿಯಲಿ. ಬಾಗಿಲ ಮೇಲಿನ ಮೀಟರ್ ಬೋರ್ಡಿಗೆ ಕೈ ಚಾಚಿ ಪಿಂಗಾಣಿಯ ಫ್ಯೂಜನ್ನು ಕಿತ್ತಳು. ಮನೆ ಕತ್ತಲಾಯಿತು. ಕಂಪ್ಯೂಟರಿನ ಕಡೆಯಿಂದ ನಂಜಮಣಿಯ ದನಿ, "ಅಯ್ಯೋ ಅವ್ವ" ಎಂದು ಮೆಲ್ಲಗೆ ಬಂತು.

ಬಾಗಿಲು ತೆರೆದರೆ ದೊರೆಸ್ವಾಮಿ ಏದುಸಿರು ಬಿಡುತ್ತಿದ್ದ. "ಕರೆಂಟ್ ಓಯ್ತಾ? ಪರೀಕ್ಷೆ ಆಯ್ತಾ ಇವಳ್ದು?"

"ಇವತ್ತೇ ಅಂತ ನಿಮಗ್ಯಾರು ಹೇಳಿದ್ರು?"

"ತೆರಕಣಾಂಬೀಲಿ ಇವಳ ಸ್ಕೂಲಿನ ಮರಿಮಲ್ಲಪ್ಪ ಮೇಷ್ಟ್ರು ಬಸ್ ಹತ್ತಿದ್ರು. ಮುಖ ಕಾಣ್ದಿದ್ರೆ ನಿನ್ ಮಗಳ ಸೀಟು ಓಯ್ತು ಕಣಯ್ಯ, ಕಣ್ಣಿಗೆ ಬಟ್ಟೆ ಕಟ್ಟಿ ಓದುಸ್ತಿದ್ದೀಯಲ್ಲ ಅಂತ ಬಸ್ನೋರ ಮುಂದೆಲ್ಲ ಬಯ್ದ್ರು. ಫೋನ್ ಮಾಡ್ದೆ, ಇಂಟರ್‌ನೆಟ್ ನಡೀವಾಗ ನಮ್ ಲೈನು ಎಂಗೇಜೇ ತಾನೆ. ಕಲೆಕ್ಷನ್ ಕಟ್ಬುಟ್ಟು, ತರಕಾರಿ ಲಾರಿ ಹತ್ಕಂಡು ಓಡ್ ಬಂದೆ. ಆ ಬಟ್ಟೆನ ನಾನೇ ಬಿಚ್ಚಾಕನ ಅಂತ." ಅವನು ಹೊರಗೆ ಕತ್ತು ತಿರುಗಿಸಿದ. "ಬೀದೀಲೆಲ್ಲ ಲೈಟ್ ಉರೀತಾ ಅದಲ್ಲ?"

"ಕರೆಂಟ್ ಕಂಬದಲ್ಲಿ ನಮ್ ಫೇಸ್ ಒಂದು ಹೋಗಿರ್ಬೇಕು," ಎಂದಳು ಕುಮಾರಿ.

ಅವನು ಮೊಬೈಲಿನ ಬೆಳಕು ಹಿಡಿದು ಮಗಳ ಕಡೆ ಹೋದ ಮೇಲೆ, ಅವಳು ಕತ್ತಲಲ್ಲೇ ತಡವಿ ಫ್ಯೂಜನ್ನು ಹಾಕಿದಳು. ದೀಪ ಬಂತು. ಕಂಪ್ಯೂಟರು ತನ್ನ ಪಾಡಿಗೆ ನಿಧಾನವಾಗಿ ಎದ್ದಿತು, ಫೋನಿನ ತಂತಿ ಕಿರುಗುಟ್ಟಿತು, ಒಮ್ಮೆ ಸಿಗಲಿಲ್ಲ, ಇನ್ನೊಮ್ಮೆ ಸಿಕ್ಕಿತು. ಪರದೆಯ ಮೇಲೆ ಮುಖವಿರಲಿಲ್ಲ, ಒಂದು ಸಾಲಿತ್ತು. ಸರದಿ ಮುಗಿದಿದೆ, ನಡುವೆ ಎದ್ದುಹೋದವರಿಗೆ ಮತ್ತೆ ಪರೀಕ್ಷೆ ಇಲ್ಲ.

"ಈ ಕರೆಂಟ್ನೋರ್ ಮನೆ ಆಳಾಗ," ಎಂದು ದೊರೆಸ್ವಾಮಿ ಖಾಕಿ ಅಂಗಿಯಲ್ಲೇ ನೆಲದ ಮೇಲೆ ಕುಸಿದು ಕೂತ. "ಅಳಬ್ಯಾಡ ಕಣಮ್ಮಿ. ತಪ್ಪು ನಂದೇ. ಮೊದ್ಲೇ ಬಿಚ್ಬೇಕಿತ್ತು."

ನಂಜಮಣಿ ತಾಯಿಯ ಕಡೆ ತಿರುಗಿದಳು. "ಅವ್ವ, ನೀನಿದ್ಯಲ್ಲ ಇಲ್ಲೇ. ನಾನ್ ಹೇಳಿದ್ರೆ ಉತ್ತರ ಗೊತ್ತಿಲ್ದೆ ಕಂಪ್ಯೂಟ್ರು ಆರುಸ್ಬುಟ್ಲು ಅನ್ಕತಾರೆ. ಕರೆಂಟೇ ಹೋಯ್ತು ಅಂತ ಬೆಳಿಗ್ಗೆ ನೀನೇ ಫೋನ್ ಮಾಡಿ ಹೇಳವ್ವ. ನಿನ್ ಮಾತ್ ನಂಬ್ತಾರೆ."

"ಹೇಳ್ತೀನಿ ಬುಡು."

ಕುಮಾರಿಯ ಬಲಗೈ ಬೆರಳುಗಳಿಗೆ ಫ್ಯೂಜಿನ ಮಸಿ ಹತ್ತಿತ್ತು. ಗಂಡನಿಗಾಗಲಿ ಮಗಳಿಗಾಗಲಿ, ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ಅವಳು ನಿಶ್ಚಯಿಸಿದಳು. ಆ ಕೈಯನ್ನು ಸೆರಗಿನೊಳಗೆ ಸರಿಸಿಕೊಂಡು, ಎಡಗೈಯಿಂದ ಮಗಳ ಕಣ್ಣೊರೆಸಿದಳು.